ಸೀಸದ ಮೊಳೆಗೆ ಹದಿನಾರು ಪುಟ

ಶಿರಸಿಯಲ್ಲಿ ಬಾಗಿಲು ಮುಚ್ಚಿದ ಮುದ್ರಣಾಲಯವೊಂದರಿಂದ ಬಂದ 12 ಪಾಯಿಂಟಿನ ಕನ್ನಡ ಅಚ್ಚುಮೊಳೆಗಳನ್ನು ತೋರಿಸಲೆಂದೇ ಈ ಪುಸ್ತಕ ಮಾಡಿದೆ. ಡೆಮಿ 1/8 (ಸುಮಾರು 5.5 × 8.5 ಇಂಚಿನ ಪುಟ), 16 ಪುಟ, ಅಚ್ಚು ಹಾಕಿದ್ದು ಕಾಲಲ್ಲಿ ತುಳಿದು ನಡೆಸುವ ಯಂತ್ರ ಟ್ರೆಡಲ್‌ನಲ್ಲಿ.

ಪಠ್ಯ ಆರಿಸುವಾಗ ವಾಕ್ಯದ ಸೊಗಸು ನೋಡಲಿಲ್ಲ, ಮೊಳೆಗೆ ಕಷ್ಟ ಕೊಡುವ ಪದ ಹುಡುಕಿದೆ. ವರ್ಣಮಾಲೆಯನ್ನು ಸಾಲಾಗಿ ಜೋಡಿಸಿದರೆ ಯಾವ ಮೊಳೆಯೂ ಚೆಂದವೇ. ರಾಷ್ಟ್ರ, ಲಕ್ಷ್ಮಿ, ಸೂರ್ಯ ಬಂದಾಗಲೇ ಒತ್ತು ಎಷ್ಟು ಇಳಿಯುತ್ತದೆ, ಅರ್ಕಾವತ್ತು ಎಷ್ಟು ಜಾಗ ಬೇಡುತ್ತದೆ ಎಂದು ತಿಳಿಯುವುದು. ಸಾಲುಗಳ ನಡುವೆ 6 ಪಾಯಿಂಟಿನ ಲೆಡ್, ಅಂದರೆ ಸೀಸದ ಪಟ್ಟಿ, ಹಾಕಿದೆ. 2 ಪಾಯಿಂಟ್ ಸಾಕೆಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದಂತೆ ಕಾಣುತ್ತದೆ. 72 ಪಾಯಿಂಟಿಗೆ ಒಂದು ಇಂಚು; ಸಾಲಿಗೆ 12 + 6 = 18 ಪಾಯಿಂಟ್, ಈ ಲೆಕ್ಕದಲ್ಲಿ 20 ಸಾಲಿಗೆ 5 ಇಂಚು. ಉಳಿದದ್ದು ಅಂಚಿಗೆ, ಕೆಳಗಿನ ಅಂಚು ಮೇಲಿನದಕ್ಕಿಂತ ದೊಡ್ಡದಿರಲಿ.

ಕೈಕಾಗದದ ಮೈ ಒರಟು. ಅಕ್ಷರ ಮಸುಕಾಯಿತೆಂದು ಶಾಯಿ ಹೆಚ್ಚಿಸಿದರೆ ಮೊದಲು ಕೆಡುವುದು ಮಹಾಪ್ರಾಣ. ಧ, ಭ, ಫಗಳ ಸೀಳಿನಲ್ಲಿ ಶಾಯಿ ತುಂಬಿ ‘ಧನ’ ಹೋಗಿ ‘ದನ’ವಾಗುತ್ತದೆ. ಶಾಯಿ ತೆಳುವಾಗಿಯೇ ಇಟ್ಟು, ಕಾಗದದ ಹಿಂದೆ ಮೆತ್ತೆಯಂತೆ ಇಡುವ ಹಾಳೆಗಳ ಪ್ಯಾಕಿಂಗ್ ಬದಲಿಸಬೇಕು. ಸವೆದ ಮೊಳೆ ಬೀಳುವ ಜಾಗಕ್ಕೆ ಮಾತ್ರ ಪ್ಯಾಕಿಂಗಿನಲ್ಲಿ ಟಿಶ್ಯೂ ಕಾಗದದ ಚೂರು ಅಂಟಿಸಿದರೆ ಆ ಅಕ್ಷರವೂ ಉಳಿದವುಗಳ ಸಮಕ್ಕೆ ಮೂಡುತ್ತದೆ. ಬೇಸರದ ಕೆಲಸ ನಿಜ, ಆದರೆ ಪುಟದ ತುಂಬ ಅಕ್ಷರದ ಕಪ್ಪು ಒಂದೇ ಹದಕ್ಕೆ ಬರುವುದು ಇದರಿಂದಲೇ. ನಮ್ಮ ಮಳೆಗಾಲದಲ್ಲಿ ಶಾಯಿ ಒಣಗದೆ ಎದುರು ಪುಟಕ್ಕೆ ಹತ್ತುತ್ತದೆ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

4 ಹಾಳೆ ನಡುವೆ ಮಡಚಿದರೆ 16 ಪುಟ. ಹಾಳೆಯ ಒಂದೇ ಮೈಯಲ್ಲಿ ಬರುವ ಎರಡು ಪುಟಗಳ ಅಂಕಿ ಕೂಡಿದರೆ 17 ಆಗಬೇಕು: 16 ಮತ್ತು 1, 2 ಮತ್ತು 15, ಹೀಗೆ. ಬೆನ್ನಿಗೆ 5 ತೂತು. ಮೇಣ ಸವರಿದ ದಾರ ಬೆನ್ನಿನ ಮೂರು ಪಟ್ಟು ಉದ್ದ.

ರಟ್ಟಿನ ಬದಲು ಅಡಿಕೆ ಹಾಳೆ ಬಳಸಿದೆ. ನೀರಲ್ಲಿ ನೆನೆಸಿ, ಎರಡು ಹಲಗೆಗಳ ನಡುವೆ ಭಾರ ಹೇರಿ ಪೂರ್ತಿ ಒಣಗಿಸಬೇಕು; ಅರೆ ಒಣಗಿದ್ದನ್ನು ತೆಗೆದರೆ ಮತ್ತೆ ಸುರುಳುತ್ತದೆ. ಬೆನ್ನಿನಲ್ಲಿ ಮಡಚಿದರೆ ನಾರಿನ ಗುಂಟ ಸೀಳುವುದರಿಂದ ಹಿಂದೆ ಮುಂದೆ ಎರಡು ತುಂಡು, ನಡುವೆ ಕ್ಯಾಲಿಕೋ ಬಟ್ಟೆ. ಅಂಟಿಗೆ ಒಂದು ಲೋಟ ಮೈದಾ, ಐದು ಲೋಟ ನೀರು. ಕಾಯಿಸಿ ಇಳಿಸಿದ ಮೇಲೆ, ಅಡಿಕೆಯ ಕೊಳೆರೋಗದ ಮದ್ದಿಗೆಂದು ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಒಂದು ಚಿಟಿಕೆ. ಹುಳ, ಬೂಸ್ಟು ದೂರ. ಅದು ವಿಷ, ಪಾತ್ರೆ ಬೇರೆಯೇ ಇರಲಿ, ಕಬ್ಬಿಣದ್ದಂತೂ ಬೇಡ, ತುತ್ತ ಕಬ್ಬಿಣವನ್ನು ತಿನ್ನುತ್ತದೆ.

ಹೊಲಿದ ಮೇಲೆ ಒಳಹಾಳೆಗಳು ತುಸು ಹೊರಚಾಚುತ್ತವೆ. ಹೊದಿಕೆ ಅಂಟಿಸುವ ಮೊದಲೇ ಅಂಚು ಕತ್ತರಿಸಿಬಿಡಿ.