ತೊರೆಯ ಟ್ರೌಟ್ ಮುಂದೆ ನನ್ನ ಮಲೆನಾಡಿನ ಗಾಳ

ನಮ್ಮೂರು ತೀರ್ಥಹಳ್ಳಿ ಕಡೆ. ಹಳ್ಳಕ್ಕೆ ಗಾಳ ಹಾಕಿಕೊಂಡೇ ಬೆಳೆದವನು ನಾನು. ಎರೆಹುಳ ಚುಚ್ಚಿ ಎಸೆದು, ಬೆಂಡು ಮುಳುಗುವುದನ್ನು ಕಾಯುತ್ತಾ ಕೂತರಾಯಿತು. ಹಾಗಾಗಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದು ಫ್ಲೈ ಫಿಶಿಂಗ್ ಶುರು ಮಾಡಿದಾಗ, ಇದೇನು ಮಹಾ ಅಂದುಕೊಂಡಿದ್ದೆ.

ಫ್ಲೈ ಫಿಶಿಂಗ್‌ನಲ್ಲಿ ಭಾರ ಇರುವುದು ದಾರಕ್ಕೆ. ಗಾಳಕ್ಕೆ ಕಟ್ಟಿರುವುದು ಗರಿ, ಕೂದಲಿನ ಸುಳ್ಳು ಹುಳ. ಊದಿದರೆ ಹಾರಿಹೋಗುತ್ತದೆ. ದಪ್ಪ ದಾರವನ್ನು ಬೀಸಿದರೆ ಅದರ ಹಿಂದೆ ಇದೂ ಹೋಗುತ್ತದೆ.

ಇಲ್ಲಿ ಹಿಡಿಯುವುದು ಟ್ರೌಟ್ ಎಂಬ ತಣ್ಣೀರಿನ ಮೀನು. ಮೊದಲೆರಡು ವರ್ಷ ಸಾಕಿ ಬಿಟ್ಟ ಮೀನುಗಳ ತೊರೆಯಲ್ಲೇ ಹಿಡಿದೆ. ಲೈಸೆನ್ಸ್ ಜೊತೆಗೆ ಟ್ರೌಟ್ ಪರ್ಮಿಟ್ ಬೇಕು. ಏಪ್ರಿಲ್ ಮೊದಲ ಶನಿವಾರ ಬೆಳಿಗ್ಗೆ 8ಕ್ಕೆ ಸೀಸನ್ ಶುರು. ಅದಕ್ಕೂ ಮೊದಲೇ ಲಾರಿ ಬಂದು ಟ್ಯಾಂಕಿನಿಂದ ಮೀನು ಬಿಟ್ಟು ಹೋಗಿರುತ್ತದೆ. ಅವತ್ತು ದಡದಲ್ಲಿ ಜಾತ್ರೆ! ಉಂಡೆ ಆಹಾರ ತಿಂದು ಬೆಳೆದ ಮೀನು, ನೀರಿಗೆ ಏನು ಬಿದ್ದರೂ ಬಾಯಿ ಹಾಕುತ್ತದೆ. ದಿನಕ್ಕೆ 5 ಮೀನು ಒಯ್ಯಬಹುದು. ರೇನ್‌ಬೋ ಟ್ರೌಟ್ ಸಾರು ಚೆನ್ನಾಗಿಯೇ ಇರುತ್ತದೆ, ಹುಳಿ ಸ್ವಲ್ಪ ಜಾಸ್ತಿ ಬೇಕು ಅಷ್ಟೆ. ನನಗೆ ವಿದ್ಯೆ ಬಂತು ಅಂತ ಬೀಗಿದೆ.

ಆಮೇಲೆ ಬೆಟ್ಟದ ತೊರೆಗೆ ಹೋದೆ. ಅಲ್ಲಿರುವುದು ಬ್ರೂಕ್ ಟ್ರೌಟ್, ಆ ನೆಲದ್ದೇ ಮೀನು. ತೊರೆಯ ಹೆಸರು ಹೇಳುವುದಿಲ್ಲ, ಬೈಯಬೇಡಿ. ಪಂಚೆ ಎತ್ತಿ ಕಟ್ಟಿ ಹಾರಿದರೆ ದಾಟುವಷ್ಟು ಅಗಲ.

ಮೂರು ಸಲ ಹೋದರೂ ಒಂದೂ ಸಿಗಲಿಲ್ಲ. ಕಲ್ಲಿನಡಿಗೆ ಓಡುವ ನೆರಳು ಕಂಡಿದ್ದಷ್ಟೇ. ಟ್ರೌಟ್ ನೀರು ಬರುವ ಕಡೆಗೆ ಮುಖ ಮಾಡಿ ನಿಂತಿರುತ್ತದೆ. ನಾನು ಮೇಲಿನಿಂದ, ಅದರ ಕಣ್ಣೆದುರೇ, ನೆಟ್ಟಗೆ ನಡೆದು ಬರುತ್ತಿದ್ದೆ! ನಾಲ್ಕನೇ ಸಲ ಕೆಳಗಿನಿಂದ ಹತ್ತಿ, ಪ್ರತಿ ಗುಂಡಿಯ ಹಿಂದೆ ಮಂಡಿಯೂರಿದೆ.

ಆದರೆ ಬೀಸುವುದೆಲ್ಲಿ? ತಲೆಯ ಮೇಲೆಲ್ಲ ರೋಡೋಡೆಂಡ್ರಾನ್ ಎಂಬ ಪೊದೆಗಿಡದ ಕೊಂಬೆ. ನನ್ನ ಕೋಲು 7 ಅಡಿಯದು, ಅದೂ ಉದ್ದವೇ. ಕೊನೆಗೆ ಕೈ ಹಿಡಿದದ್ದು ಬಿಲ್ಲಿನ ಉಪಾಯ: ಸುಳ್ಳು ಹುಳವನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆಳೆದು, ಕೋಲು ಬಾಗಿಸಿ ಬಿಟ್ಟುಬಿಡುವುದು. ಎರಡು ಮಾರು ದೂರ ಹೋದರೆ ಸಾಕು. ದಾರ ನೀರಿಗೆ ತಾಗದಂತೆ ಕೋಲಿನ ತುದಿ ಎತ್ತಿ ಹಿಡಿಯಬೇಕು. ತಾಗಿದರೆ ಸೆಳವು ದಾರವನ್ನು ಎಳೆಯುತ್ತದೆ, ದಾರ ಹುಳವನ್ನು ಎಳೆಯುತ್ತದೆ. ಹುಳ ಹಾಗೆ ಓಡಿದರೆ ಮೀನು ನಂಬುವುದಿಲ್ಲ.

ಇಷ್ಟಾದರೂ ಊರಿನ ಚಾಳಿ ಬಿಡಲಿಲ್ಲ. ಬೆಂಡು ಪೂರ್ತಿ ಮುಳುಗುವ ತನಕ ಕಾದು ಅಭ್ಯಾಸ ನೋಡಿ. ಇಲ್ಲಿ ಅಷ್ಟರಲ್ಲಿ ಮೀನು ಉಗುಳಿ ಹೋಗಿರುತ್ತದೆ. ಸಿಟ್ಟಿನಲ್ಲಿ ಮುಂದಿನದನ್ನು ಜೋರಾಗಿ ಎಳೆದೆ. ಐದಿಂಚಿನ ಮೀನು ತಲೆ ಮೇಲೆ ಹಾರಿ ಹಿಂದಿನ ಪೊದೆಗೆ ಬಿತ್ತು! ಹುಡುಕಿ, ಕೈ ಒದ್ದೆ ಮಾಡಿಕೊಂಡು ಎತ್ತಿದೆ. ಕೆಂಪು ಚುಕ್ಕಿ, ಸುತ್ತ ನೀಲಿ ಬಳೆ, ಕಿತ್ತಳೆ ರೆಕ್ಕೆಗೆ ಸುಣ್ಣದ ಅಂಚು. ಸಾಕಿದ ಮೀನಿನ ಸವೆದ ರೆಕ್ಕೆ ನೆನಪಾಯಿತು. ನೀರಿಗೆ ಬಿಟ್ಟ ಕೂಡಲೇ ಮಾಯ. ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಹಿಡಿದು ಬಿಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂದರು.

ಈಗ ಗಾಳದ ಹಿಂಮುಳ್ಳನ್ನು ಇಕ್ಕಳದಿಂದ ಅದುಮಿಕೊಂಡೇ ಹೋಗುತ್ತೇನೆ, ಬಿಡಿಸುವುದು ಸಲೀಸು. ಜೇಬಿನಲ್ಲಿ ಥರ್ಮಾಮೀಟರ್ ಇರುತ್ತದೆ. ಬೇಸಿಗೆಯಲ್ಲಿ ನೀರು 20 ಡಿಗ್ರಿ ಮುಟ್ಟಿದರೆ ಹಿಡಿದು ಬಿಟ್ಟ ಮೀನೂ ಬದುಕುವುದು ಕಷ್ಟ. ಅವತ್ತು ಕೋಲನ್ನು ಚೀಲದಿಂದ ತೆಗೆಯುವುದೇ ಇಲ್ಲ.