9 ಎಂಟ್ರಿಯಿಂದ 50ರ ಮೇಲೆ: ಪುಣೆಯಲ್ಲಿ ಆರ್ಕಿಟೆಕ್ಟ್‌ಗಳನ್ನು ಹಿಡಿದು ತಂದ ನನ್ನ ಅನುಭವ

ಪುಣೆಯಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಕಟ್ಟಡ ವಿನ್ಯಾಸ ಪ್ರಶಸ್ತಿ ನಡೆಸುತ್ತೇವೆ. ಕೋಥ್ರೂಡ್, ಎರಂಡವಣೆ, ಹಳೇ ಪೇಟೆಗಳು, ಅಷ್ಟೇ ವ್ಯಾಪ್ತಿ. ಮೊದಲ ವರ್ಷ ಬಂದದ್ದು 9 ಎಂಟ್ರಿ. ಅದರಲ್ಲಿ ನಾಲ್ಕು ಕಮಿಟಿಯವರ ಗೆಳೆಯರದ್ದು, ಒಂದು ನನ್ನ ಆಫೀಸಿನ ಹಳೇ ಹುಡುಗನದ್ದು. ಹಾಲ್, ಪೋಸ್ಟರ್, ಊಟ ಸೇರಿ 90 ಸಾವಿರದ ಹತ್ತಿರ ಖರ್ಚಾಯಿತು. ತಲಾ 3,500 ಫೀ ಇಟ್ಟಿದ್ದೆವು, ಲೆಕ್ಕ ನೀವೇ ಹಾಕಿ. ಖಜಾಂಚಿಯವರು "ಇಲ್ಲಿನವರಿಗೆ ಪ್ರಶಸ್ತಿ ಬೇಡ, ಬಿಟ್ಟುಬಿಡಿ" ಅಂದರು.

ಈ ವರ್ಷ 54 ಬಂದಿವೆ. ಅದಕ್ಕೇ ಬರೆಯುವ ಧೈರ್ಯ.

ಮೊದಲ ತಪ್ಪು ಕೊನೇ ದಿನಾಂಕ. ಮಾರ್ಚ್ 31 ಇಟ್ಟಿದ್ದೆ. ಬಿಲ್ಲು, ಟ್ಯಾಕ್ಸು ಅಂತ ಎಲ್ಲರೂ ಒದ್ದಾಡುವ ಹೊತ್ತಿಗೆ! ಎರಡನೇ ತಪ್ಪು ಪೋಸ್ಟರ್. ಆರ್ಕಿಟೆಕ್ಟ್ ಬಿ.ವಿ. ದೋಶಿಯವರು 1927ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿದವರು, 2018ರಲ್ಲಿ ಕಟ್ಟಡ ವಿನ್ಯಾಸದ ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿ ಪ್ರಿಟ್ಸ್‌ಕರ್ ಪಡೆದವರು ಅಂತ ದೊಡ್ಡದಾಗಿ ಹಾಕಿ, ಕೆಳಗೆ "ಮುಂದಿನವರು ನೀವೇ ಯಾಕಾಗಬಾರದು?" ಅಂತ ಬರೆಸಿದೆ. ಒಬ್ಬರು ಫೋನ್ ಮಾಡಿ, "ಬಾತ್‌ರೂಮ್ ಟೈಲ್ಸ್‌ನ ಪೇಮೆಂಟೇ ಬಂದಿಲ್ಲ, ನೀವು ಪ್ರಿಟ್ಸ್‌ಕರ್ ಅಂತೀರಲ್ಲ ಸರ್" ಅಂದರು. ಎರಡನೇ ವರ್ಷ ಫೀ ತೆಗೆದುಹಾಕಿದೆ. 30ರ ಮೇಲೆ ಬಂದವು. ಅರ್ಧಕ್ಕರ್ಧ ಬರೀ 3ಡಿ ಚಿತ್ರಗಳು, ಕಟ್ಟದ ಮನೆಗಳು. ಜ್ಯೂರಿಯವರು ನನ್ನ ಮುಖ ನೋಡಿದರು.

ಆಮೇಲೆ ಮೇಲ್ ಕಳಿಸುವುದು ಬಿಟ್ಟು ಆಫೀಸುಗಳಿಗೆ ನಡೆದೆ. ಸದಾಶಿವ ಪೇಟೆಯಲ್ಲಿ ಎರಡನೇ ಮಹಡಿ, ಇಬ್ಬರೇ ಕೂರುವಷ್ಟು ಜಾಗ. ಅಲ್ಲಿನ ಆರ್ಕಿಟೆಕ್ಟ್ ಮೇಡಂ ಒಂದು ಹಳೇ ವಾಡೆಯನ್ನು, ಅಂದರೆ ಅಂಗಳ ಇರುವ ಹಳೇ ಕಾಲದ ದೊಡ್ಡ ಮನೆಯನ್ನು, ಸರಿಮಾಡಿಸಿದ್ದರು. ಸಾಗವಾನಿ ಕಂಬಕ್ಕೆ ಬುಡದಲ್ಲಿ ಮಾತ್ರ ಹೊಸ ತುಂಡು ಸೇರಿಸಿ, ಮೇಲಿನದನ್ನು ಹಾಗೇ ಉಳಿಸಿದ ಕೆಲಸ. ಫೋಟೋ ಕೇಳಿದರೆ ಮೊಬೈಲ್ ತೆಗೆದರು. ಅಂಗಳದ ತುಂಬ ಒಣಹಾಕಿದ ಬಟ್ಟೆ, ಕಂಬಕ್ಕೆ ಒರಗಿಸಿದ ಸೈಕಲ್ಲು. "ಒಳ್ಳೇ ಫೋಟೋಕ್ಕೆ 25 ಸಾವಿರ ಕೇಳ್ತಾರೆ ಸರ್. ನನ್ನ ಫೀಯಲ್ಲಿ ಎಷ್ಟು ಉಳಿದಿತ್ತು ಅಂದುಕೊಂಡ್ರಿ?" ಅಂದರು. ಅಡ್ಡಿ ಆಗಿದ್ದು ನಮ್ಮ ಫೀ ಅಲ್ಲ, ಫೋಟೋ ಮತ್ತು ಜ್ಯೂರಿಗೆ ತೋರಿಸಲು ಬೋರ್ಡ್ ಮೇಲೆ ಅಂಟಿಸುವ ಪ್ಯಾನೆಲ್. ಸನ್‌ಬೋರ್ಡ್ ಮೇಲೆ ಎರಡು ಎ1 ಶೀಟ್ ಅಂದರೆ ಸುಮ್ನೆ ಮೂರು ಸಾವಿರ ಹೋಗುತ್ತೆ.

ಪ್ಯಾನೆಲ್ ರದ್ದು ಮಾಡಿದೆ. ಆರು ಪುಟದ ಪಿಡಿಎಫ್ ಸಾಕು. ಫೋಟೋಗ್ರಾಫರ್ ಒಬ್ಬನನ್ನು ಹಿಡಿದು ದಿನಕ್ಕೆ ಮೂರು ಕಟ್ಟಡ ಅಂತ ಮಾತಾಡಿದೆ. ಒಂದು ಕಟ್ಟಡಕ್ಕೆ ಎರಡು ಸಾವಿರ ಚಿಲ್ಲರೆ ಬಿತ್ತು. ಅವನು ಅಷ್ಟಕ್ಕೆ ಹೇಗೆ ಒಪ್ಪಿದ ಅನ್ನುವುದನ್ನು ಇಲ್ಲಿ ಬರೆಯಲ್ಲ. ಫೀ ಮತ್ತೆ ತಂದೆ, ಆದರೆ ಬರೀ 500, ಅದೂ ಶಾರ್ಟ್‌ಲಿಸ್ಟ್ ಆದವರಿಗೆ ಮಾತ್ರ. ಕಟ್ಟಿ ಮುಗಿಸಿದ ಕೆಲಸ ಮಾತ್ರ ಅಂತ ಫಾರ್ಮಿನ ಮೊದಲ ಸಾಲಲ್ಲೇ ಹಾಕಿದೆ.

ದಿನಾಂಕದ್ದು ನನ್ನದೇ ತಲೆ, ಹೇಳಿಕೊಳ್ಳಲು ನಾಚಿಕೆ ಇಲ್ಲ: ಸರ್ವಪಿತೃ ಅಮಾವಾಸ್ಯೆ. ಗಣಪತಿ ಗಲಾಟೆ ಮುಗಿದಿರುತ್ತೆ. ಪಿತೃಪಕ್ಷದಲ್ಲಿ ಯಾರೂ ಭೂಮಿಪೂಜೆ ಇಟ್ಟುಕೊಳ್ಳಲ್ಲ, ಅಡ್ವಾನ್ಸ್ ಕೊಡಲ್ಲ. ಆರ್ಕಿಟೆಕ್ಟ್‌ಗಳಿಗೆ ಹದಿನೈದು ದಿನ ಪುರುಸೊತ್ತು. ಮಳೆಯಲ್ಲಿ ತೊಳೆದ ಕರಿಕಲ್ಲಿನ ಗೋಡೆ ಫೋಟೋದಲ್ಲಿ ಎಷ್ಟು ಚೆನ್ನಾಗಿ ಬರುತ್ತೆ ಅನ್ನುವುದು ಬೋನಸ್ಸು.

ಇನ್ನೊಂದು ದಾರಿ ಕನ್ನಡದಿಂದ ಸಿಕ್ಕಿತು. ಇಲ್ಲಿನ ಸೈಟುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಗೌಂಡಿಗಳು, ಅಂದರೆ ಗಾರೆ ಕೆಲಸದವರು, ಜಾಸ್ತಿ ಅಲ್ವಾ? ವಿಜಯಪುರ ಜಿಲ್ಲೆಯ ಇಂಡಿ ಊರಿನ ಒಬ್ಬ ಹಿರಿಯ ಗೌಂಡಿಯ ಜೊತೆ ಚಹಾ ಕುಡಿಯುತ್ತಾ, ಯಾರ ಕೆಲಸ ಚಲೋ ಅಂತ ಕೇಳಿದೆ. "ಆ ಬಾಯಾರ ಮನಿ ನೋಡ್ರಿ ಸಾಹೇಬ್ರ. ಒಂದ ಕಮಾನು ಮೂರು ಸಲ ಒಡಸಿ ಕಟ್ಟಸ್ಯಾರ. ಸಿಟ್ಟು ಬಂದಿತ್ತು ನೋಡ್ರಿ. ಈಗ ನಮ್ಮೂರವ್ರಿಗೆ ಕರ್ಕೊಂಡು ಹೋಗಿ ತೋರಸ್ತೀನಿ" ಅಂದರು. ಬಾಯಾರು ಅಂದರೆ ಆ ಮನೆಯ ಆರ್ಕಿಟೆಕ್ಟ್ ಮೇಡಂ. ಮರುದಿನವೇ ಅವರಿಗೆ ಫೋನ್ ಮಾಡಿದೆ. "ನಿಮ್ಮ ಗೌಂಡಿ ನಿಮ್ಮ ಹೆಸರು ಹೇಳಿದ್ರು" ಅಂದರೆ ಯಾರೂ ಇಲ್ಲ ಅನ್ನಲ್ಲ. ಈ ದಾರಿಯಲ್ಲೇ ಹದಿನಾಲ್ಕೋ ಹದಿನೈದೋ ಎಂಟ್ರಿ ಬಂದವು. ಗೌಂಡಿಗಳನ್ನು ಏನು ಕೇಳಬೇಕು ಅನ್ನುವ ಮೂರು ಪ್ರಶ್ನೆ ನನ್ನ ಹತ್ತಿರವೇ ಇರಲಿ.

ನಡುವೆ ವಿದ್ಯಾರ್ಥಿ ವಿಭಾಗ ಅಂತ ಒಂದು ಮಾಡಿ ಕೈ ಸುಟ್ಟುಕೊಂಡೆ. 70 ಎಂಟ್ರಿ, ಎಲ್ಲವೂ ಮ್ಯೂಸಿಯಮ್ಮೇ. ಸಾವಿರ ಚದರಡಿಗಿಂತ ಚಿಕ್ಕ ಕೆಲಸಕ್ಕೆ ಬೇರೆ ವಿಭಾಗ ಇಟ್ಟದ್ದು ಮಾತ್ರ ಗೆದ್ದಿತು. ಕ್ಲಿನಿಕ್, ಹಿಟ್ಟಿನ ಗಿರಣಿ, ಒಂದು ಟೆರೇಸ್ ಅಡಿಗೆಮನೆ ಕೂಡ ಬಂತು.

ಗುಂಪುಗಾರಿಕೆಯ ಮಾತು ನಿಲ್ಲಿಸಲು ಜ್ಯೂರಿಯನ್ನು ಹುಬ್ಬಳ್ಳಿ, ಗೋವಾದಿಂದ ಕರೆಸಿದೆ. ಕಟ್ಟಡ ವಿನ್ಯಾಸಕ್ಕೆ ಕೊಡುವ ಅಂತರರಾಷ್ಟ್ರೀಯ ಆಗಾ ಖಾನ್ ಪ್ರಶಸ್ತಿಯವರು ಶಾರ್ಟ್‌ಲಿಸ್ಟ್ ಆದ ಕಟ್ಟಡ ನೋಡಲು ಜನ ಕಳಿಸುತ್ತಾರಲ್ಲ, ಅದನ್ನೇ ರಿಕ್ಷಾ ಖರ್ಚಿನಲ್ಲಿ ನಕಲು ಮಾಡಿದೆ. ಸೋತವರಿಗೂ ಜ್ಯೂರಿಯ ಕೈಬರಹದಲ್ಲಿ ನಾಲ್ಕು ಸಾಲು ಕಳಿಸಿದೆ. ಅವರಲ್ಲಿ ಸುಮಾರು ಅರ್ಧ ಜನ ಮುಂದಿನ ವರ್ಷ ಮತ್ತೆ ಬಂದರು. ಆರ್ಕಿಟೆಕ್ಟ್‌ಗಳ ವೃತ್ತಿ ನಡತೆಯ 1989ರ ನಿಯಮದಿಂದಾಗಿ ನಮ್ಮವರು ತಮ್ಮ ಕೆಲಸಕ್ಕೆ ಜಾಹೀರಾತು ಕೊಡುವ ಹಾಗಿಲ್ಲ, ಹಾಗಾಗಿ ಇಂಥ ಮಾತಿಗೆ ಬೆಲೆ ಜಾಸ್ತಿ. ಆ ನಾಲ್ಕು ಸಾಲಿಗೆ ಫ್ರೇಮ್ ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದವರೂ ಇದ್ದಾರೆ.

ಖಜಾಂಚಿಯವರು ಈಗ ಫೀ ಸಾವಿರ ಮಾಡೋಣ ಅನ್ನುತ್ತಿದ್ದಾರೆ. ನಾನು ಒಪ್ಪಿಲ್ಲ. ಮೊನ್ನೆ ಇಂಡಿ ಊರಿನ ಆ ಹಿರಿಯರದ್ದೇ ಫೋನ್ ಬಂತು. ಕೋಥ್ರೂಡ್ ಪಕ್ಕದ ಬಾವಧನದಲ್ಲಿ ಒಂದು ಮನೆ ಇದೆಯಂತೆ. "ಪ್ಲಾಸ್ಟರ್ ಹಚ್ಚೂಕಿಂತ ಮೊದ್ಲ ಬಂದು ನೋಡ್ರಿ" ಅಂದರು. ಭಾನುವಾರ ಹೋಗಬೇಕು.