ಸಾವನದುರ್ಗದಲ್ಲಿ ನಾನು ಇಳಿಯಲು ಕಲಿತದ್ದು

ಮಾಗಡಿ ಹತ್ತಿರದ ಬಂಡೆಬೆಟ್ಟ ಸಾವನದುರ್ಗಕ್ಕೆ ಮೊದಲ ಸಲ ಹೋದಾಗ ಅರ್ಧದಿಂದಲೇ ವಾಪಸ್ ಬಂದೆ. ಆಗಸ್ಟ್ ತಿಂಗಳು, ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಕಾಲಲ್ಲಿ ದಿನಾ ವಾಕಿಂಗ್‌ಗೆ ಹಾಕುವ ಹಳೇ ಶೂ, ತಳ ಸವೆದು ನುಣ್ಣಗಾಗಿತ್ತು. ಬಂಡೆಯ ಒಂದು ಕಪ್ಪು ಪಟ್ಟೆಯ ಮೇಲೆ ಕಾಲಿಟ್ಟೆ, ಜಾರಿ ಕುಕ್ಕರಿಸಿದೆ. ಅಂಗೈ ತರಚಿತು, ಅಷ್ಟೇ. ಆದರೆ ತಿರುಗಿ ಕೆಳಗೆ ನೋಡಿದಾಗ ಎದೆ ಡವಡವ ಅನ್ನತೊಡಗಿತು. ಹತ್ತುವಾಗ ಕಣ್ಣ ಮುಂದೆ ಬರೀ ಕಲ್ಲಿತ್ತು. ಈಗ ಇಡೀ ಇಳಿಜಾರು ಕಾಣುತ್ತಿತ್ತು. ಜೊತೆಗಿದ್ದ ನನ್ನ ತಮ್ಮ ಕೈ ಹಿಡಿದು, ಒಂದೊಂದೇ ಹೆಜ್ಜೆ ಇಡಿಸಿ ಇಳಿಸಿದ.

ನನಗೆ 46 ವರ್ಷ. ಹತ್ತುವ ಶಕ್ತಿ ಇತ್ತು, ಇಳಿಯುವುದು ಗೊತ್ತಿರಲಿಲ್ಲ. ಇದು ಅರ್ಥವಾದ ಮೇಲೆ ತಯಾರಿಯ ರೀತಿಯೇ ಬದಲಾಯಿತು. ಆರು ವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ನಾಲ್ಕು ಮಹಡಿ ಹತ್ತಿ ಇಳಿದೆ. ಹತ್ತುವುದು ಬೇಗ, ಇಳಿಯುವುದು ನಿಧಾನ. ಮಂಡಿ ಸ್ವಲ್ಪ ಬಗ್ಗಿಸಿ, ಸದ್ದಾಗದಂತೆ ಕಾಲಿಡಬೇಕು ಅಂತ ನಿಯಮ ಮಾಡಿಕೊಂಡೆ. ಮೊದಲ ವಾರ ತೊಡೆ ಹಿಡಿದುಕೊಂಡಿತು, ಆಮೇಲೆ ಸರಿಹೋಯಿತು. ತಳದಲ್ಲಿ ಒಳ್ಳೆ ಹಿಡಿತ ಇರುವ ರಬ್ಬರ್ ಶೂ ಕೊಂಡು, ಹೋಗುವ ಮುಂಚೆಯೇ ಎರಡು ವಾರ ಹಾಕಿ ಪಳಗಿಸಿಕೊಂಡೆ. ಉಗುರನ್ನೂ ಕತ್ತರಿಸಿಕೊಳ್ಳಿ. ಇಳಿಯುವಾಗ ಬೆರಳು ಶೂ ತುದಿಗೆ ಒತ್ತುತ್ತದೆ, ಸುಮ್ನೆ ನೋವು ಯಾಕೆ?

ಎರಡನೇ ಸಲ ಜನವರಿಯಲ್ಲಿ ಹೋದೆವು, ನಾನು ಮತ್ತು ತಮ್ಮ. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್. ಮಾಗಡಿಗೆ ಬಸ್ಸು ಸಲೀಸಾಗಿ ಸಿಗುತ್ತದೆ, ಅಲ್ಲಿಂದ ಮುಂದಕ್ಕೆ ಕಡಿಮೆ, ಹಾಗಾಗಿ ಬೈಕಲ್ಲೇ ಹೋದೆವು. ಟಿಕೆಟ್ಟು, ಸಮಯದ ನಿಯಮ ಆಗಾಗ ಬದಲಾಗುತ್ತವೆ, ಹಿಂದಿನ ದಿನ ವಿಚಾರಿಸಿಕೊಂಡು ಹೊರಡಿ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಚಿತ್ರಾನ್ನ, ಎರಡು ಕಿತ್ತಳೆ. ಎಲ್ಲ ಬೆನ್ನ ಮೇಲಿನ ಬ್ಯಾಗಿಗೆ. ಕೈಯಲ್ಲಿ ಕವರ್ ಇದ್ದರೆ ಕೋತಿ ಬಿಡುವುದಿಲ್ಲ, ಮತ್ತೆ ಬಂಡೆ ಮೇಲೆ ಎರಡು ಕೈಯೂ ಬೇಕು.

ತಪ್ಪಲಿನಲ್ಲಿ ವೀರಭದ್ರಸ್ವಾಮಿ, ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನಗಳಿವೆ. ಕೈ ಮುಗಿದು ಬಿಸಿಲೇರುವ ಮುಂಚೆ ಹತ್ತಲು ಶುರು ಮಾಡಿದೆವು. ಜನ ಹತ್ತುವುದು ಕರಿಗುಡ್ಡ, ಪಕ್ಕದ್ದು ಬಿಳಿಗುಡ್ಡ. ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಎತ್ತರಕ್ಕಿಂತ ಅದರ ಗುಣ ಮುಖ್ಯ. ಇಲ್ಲಿ ಮೆಟ್ಟಿಲಿಲ್ಲ. ಹೆಚ್ಚಿನ ದಾರಿ ಬರೀ ಓರೆಯಾದ ಬಂಡೆ. ದಾರಿ ತೋರಿಸಲು ಕಲ್ಲಿನ ಮೇಲೆ ಬಾಣದ ಗುರುತುಗಳಿವೆ. ಒಂದು ಬಾಣ ದಾಟಿದ ಮೇಲೆ ಮುಂದಿನದು ಕಾಣದಿದ್ದರೆ ನಾವು ಹಿಂದಿನದಕ್ಕೇ ಮರಳುತ್ತಿದ್ದೆವು.

ಈ ಸಲ ನಾನು ಕಲ್ಲನ್ನೇ ನೋಡುತ್ತಾ ಹೋದೆ. ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ಜಾಗ. ಪಾಚಿ ಒಣಗಿ ಕಪ್ಪಾಗಿರುತ್ತದೆ, ಸ್ವಲ್ಪ ಒದ್ದೆಯಾದರೂ ಸೋಪಿನಂತೆ ಜಾರುತ್ತದೆ. ಪಕ್ಕದಲ್ಲೇ ಬೂದುಬಿಳಿ ಬಣ್ಣದ, ಉಪ್ಪಿನ ಹರಳಿನಂತೆ ಒರಟಾದ ಕಲ್ಲು ಇರುತ್ತದೆ. ಅದರ ಮೇಲೆ ಪಾದ ಪೂರ್ತಿ ಊರಿದರೆ ಶೂ ಕಚ್ಚಿ ಹಿಡಿಯುತ್ತದೆ. ಇನ್ನೊಂದು, ತುಂಬಾ ಜನ ತುಳಿದು ಹೊಳಪು ಬಂದಿರುವ ಜಾಗ. ಅಲ್ಲೂ ಒಂದಡಿ ಪಕ್ಕಕ್ಕೆ ಸರಿದೇ ಹೆಜ್ಜೆ ಇಟ್ಟೆ.

ನಡುವೆ ಕೋಟೆಗೋಡೆಗಳು ಸಿಗುತ್ತವೆ. ಮಾಗಡಿಯ ಕೆಂಪೇಗೌಡರ ವಂಶದವರು ಆಳಿದ ದುರ್ಗ ಇದು. ಟಿಪ್ಪು ಕಾಲದಲ್ಲಿ, 1791ರ ಡಿಸೆಂಬರ್‌ನಲ್ಲಿ, ಬ್ರಿಟಿಷ್ ಸೇನಾಧಿಪತಿ ಕಾರ್ನ್‌ವಾಲಿಸ್‌ನ ಸೈನ್ಯ ಇದನ್ನು ಹಿಡಿಯಿತು. ಗೋಡೆಯ ನೆರಳಲ್ಲಿ ಕೂತು ಕಿತ್ತಳೆ ತಿಂದೆವು. ಈ ಇಳಿಜಾರಿನಲ್ಲಿ ಇಂಥ ಕಲ್ಲುಗಳನ್ನು ಕೂರಿಸಿದವರ ಕಾಲು ಎಷ್ಟು ಗಟ್ಟಿ ಇದ್ದಿರಬೇಕು, ಅಲ್ವಾ?

ತುದಿ ಮುಟ್ಟಲು ನಮಗೆ ಎರಡೂಕಾಲು ಗಂಟೆ ಹಿಡಿಯಿತು. ಮೇಲೆ ಪುಟ್ಟ ನಂದಿ ಮಂಟಪ, ಒಂದು ಕಡೆ ಮಂಚನಬೆಲೆ ಜಲಾಶಯದ ನೀರು. ಗಾಳಿ ಜೋರಾಗಿತ್ತು. ನೋಡಿದಷ್ಟೂ ಸಾಲದು ಅನಿಸಿತು. ಆದರೂ ಮುಕ್ಕಾಲು ಗಂಟೆಗೇ ಎದ್ದೆ. ಬಂಡೆ ಕಾದರೆ ಕೈ ಊರಲು ಆಗುವುದಿಲ್ಲ. ನೀರು ಅರ್ಧದಷ್ಟು ಉಳಿದಿತ್ತು, ಅದು ಇಳಿಯಲು ಅಂತಲೇ ಇಟ್ಟದ್ದು.

ಅಸಲಿ ಕೆಲಸ ಆಗ ಶುರುವಾಯಿತು. ಕಡಿದಾದ ಕಡೆ ಹೆದರಿಕೆಯಿಂದ ಮೈ ಹಿಂದಕ್ಕೆ ವಾಲುತ್ತದೆ. ಹಾಗೆ ವಾಲಿದರೆ ಭಾರ ಹಿಮ್ಮಡಿಗೆ ಹೋಗಿ ಕಾಲು ಮುಂದಕ್ಕೆ ಜಾರುತ್ತದೆ. ಮಂಡಿ ಬಗ್ಗಿಸಿ, ಎದೆ ಸ್ವಲ್ಪ ಮುಂದಿಟ್ಟು, ಗೇಣುದ್ದದ ಹೆಜ್ಜೆ ಹಾಕಬೇಕು. ಮಹಡಿ ಮೆಟ್ಟಿಲಲ್ಲಿ ಮಾಡಿದ ಅಭ್ಯಾಸ ಇಲ್ಲಿ ಕೈ ಹಿಡಿಯಿತು. ಎರಡು ಕಡೆ ಧೈರ್ಯ ಸಾಲದೆ ಬಂಡೆಗೆ ಮುಖ ಮಾಡಿ, ಕೈಕಾಲು ನಾಲ್ಕೂ ಊರಿ ಇಳಿದೆ. ನಾಚಿಕೆ ಏನೂ ಆಗಲಿಲ್ಲ.

ಹೋದ ಸಲ ಜಾರಿದ್ದ ಕಪ್ಪು ಪಟ್ಟೆಯ ಹತ್ತಿರ ತಮ್ಮ ಕೈ ಚಾಚಿ, “ಅಕ್ಕ, ಹಿಡ್ಕೋ” ಅಂದ.

“ಬೇಡ ಕಣೋ, ನೀನು ಮುಂದೆ ನಡಿ” ಅಂದೆ. ಪಕ್ಕದ ಒರಟು ಕಲ್ಲಿನ ಮೇಲೆ ಎಡಗಾಲಿಟ್ಟು ಭಾರ ಬಿಟ್ಟೆ. ಶೂ ಕಚ್ಚಿ ನಿಂತಿತು.